ಬಸಲಿಂಗಯ್ಯನ ಮೂಗು

ಬೆಟಗೇರಿಯ ನೇಕಾರ ಓಣಿಯಲ್ಲಿ ಗಂಜಿಯ ಗಡಿಗೆ ಇಳಿಸುವ ಮೊದಲು ಬಸಲಿಂಗಯ್ಯನಿಗೆ ಕರೆ ಹೋಗುತ್ತಿತ್ತು. ಸೀರೆ ನೇಯುವ ಮುಂಚೆ ಹಾಸಿನ, ಅಂದರೆ ಮಗ್ಗದ ಉದ್ದೆಳೆಯ, ನೂಲಿಗೆ ಜೋಳದ ಹಿಟ್ಟಿನ ಹುಳಿಗಂಜಿ ಹಚ್ಚಬೇಕು. ಹುಳಿ ಕಡಿಮೆಯಾದರೆ ನೂಲು ಹರಿಯುತ್ತದೆ, ಹೆಚ್ಚಾದರೆ ಒಂದಕ್ಕೊಂದು ಅಂಟಿ ಕೂರುತ್ತದೆ. ಬಸಲಿಂಗಯ್ಯ ಬಂದು, ಗಡಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಒಮ್ಮೆ ಮೂಸುತ್ತಿದ್ದ. "ಇನ್ನೊಂದ್ ದಿನಾ ಬಿಡ್ರಿ" ಎಂದರೆ ಇನ್ನೊಂದು ದಿನ. "ಆತು, ಇಳಸ್ರಿ" ಎಂದರೆ ಅದೇ ಕ್ಷಣ. ಅವನ ಮೂಗು ತಪ್ಪಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಮೂಗು ಕೊಟ್ಟ ದೇವರು ಹೊಟ್ಟೆಯನ್ನೂ ಕೊಟ್ಟ, ಹೊಟ್ಟೆಯೊಳಗೆ ಒಂದು ಕಿಚ್ಚನ್ನೂ ಇಟ್ಟ. ಹಾಗೆಂದು ಕಂಡಕಂಡವರನ್ನೆಲ್ಲ ಕಂಡು ಕರುಬುವ ಮನುಷ್ಯನಲ್ಲ ಅವನು. ಗದಗಿನ ಅರಳೆ ಸಾಹುಕಾರರ ಮೂರಂತಸ್ತಿನ ಮನೆ ನೋಡಿದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಎದುರುಮನೆಯ ಪಾಂಡಪ್ಪ ಹೊಸ ಚಪ್ಪಲಿ ಮೆಟ್ಟಿ ಬಂದನೆಂದರೆ ಮಾತ್ರ ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬುದು ಹಾಗೇ ನೋಡಿ, ಅದಕ್ಕೆ ದೂರದವರು ಬೇಡ, ಅಂಗಳದಾಚೆಯವರು ಬೇಕು.

ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಓಣಿಯ ಮಣ್ಣಿನಲ್ಲಿ ಬಿದ್ದು ಎದ್ದವರು. ಯುದ್ಧ ಬಂದು ನೂಲು ಸಿಗದೆ ಮಗ್ಗಗಳು ನಿಂತಾಗ ಪಾಂಡಪ್ಪ, "ಬಾರಲೇ ಬಸಲಿಂಗಾ, ಪುಣೆಕ್ ಹೋಗೂಣು, ಮಿಲಿಟ್ರ್ಯಾಗ ಮೋಟಾರ್ ಕಲಸ್ತಾರಂತ" ಎಂದು ಕರೆದ. ಬಸಲಿಂಗಯ್ಯನ ತಾಯಿ ಅತ್ತು ಕರೆದು ಮಗನ ಧೋತರದ ಚುಂಗು ಹಿಡಿದುಕೊಂಡಳು. ಅವನು ಉಳಿದ, ಪಾಂಡಪ್ಪ ಹೋದ. ಸಾವಿರದ ಒಂಬೈನೂರ ನಲವತ್ತಾರರಲ್ಲಿ ಪಾಂಡಪ್ಪ ತಿರುಗಿ ಬಂದಾಗ ಮುಖದ ಮೇಲೆ ಮೀಸೆ, ಮೈಮೇಲೆ ಖಾಕಿ, ಕಿಸೆಯಲ್ಲಿ ಡ್ರೈವರ್ ಲೈಸೆನ್ಸು. ಆರು ತಿಂಗಳೊಳಗೆ ಗದಗ-ಮುಂಡರಗಿ ಬಸ್ಸಿನ ಸ್ಟೇರಿಂಗ್ ಅವನ ಕೈಗೆ ಬಂತು, ಮಲ್ಲವ್ವ ಹೆಂಡತಿಯಾಗಿ ಮನೆಗೆ ಬಂದಳು. ಸ್ವಾತಂತ್ರ್ಯ ಬಂದ ದಿನ ಬಾವುಟ ಕಟ್ಟಿ, ಬಾಳೆಕಂಬ ನಿಲ್ಲಿಸಿ, ಊರೆಲ್ಲ ಮೆರೆಸಿದ ಲಾರಿಯನ್ನು ನಡೆಸಿದವನೂ ಅವನೇ. ಜನ ಗಾಂಧೀಜಿಗೆ ಜೈ ಎಂದರು, ಭಾರತಮಾತೆಗೆ ಜೈ ಎಂದರು, ಆಮೇಲೆ ಯಾರೋ ತಲೆಹರಟೆಯವನು "ಪಾಂಡಪ್ಪಗೂ ಜೈ" ಎಂದ. ಅಷ್ಟೂ ಜನ ನಕ್ಕು ಜೈ ಎಂದರು. ಬಸಲಿಂಗಯ್ಯನ ಕೈಯಲ್ಲಿ ಜಿಲೇಬಿ ಇತ್ತು. ದೇಶ ಸ್ವತಂತ್ರವಾದ ದಿನ ಅದನ್ನು ತಿನ್ನಲಾರದೆ ನಾಯಿಗೆ ಹಾಕಿ ಮನೆಗೆ ಬಂದ.

'ನಾನೂ ಹೋಗಿದ್ದರೆ' ಎಂಬ ಒಂದು ಮಾತು ಅಲ್ಲಿಂದ ಮುಂದೆ ಅವನನ್ನು ತಿಂದಿತು. ಪಾಂಡಪ್ಪನಿಗೆ ಇದರ ಸುಳಿವೂ ಇರಲಿಲ್ಲ. ಅವನು ಓಣಿಗೆ ಬಂದಾಗಲೆಲ್ಲ ಮೊದಲು ಕೂಗುತ್ತಿದ್ದುದು "ಎಲ್ಲದಿಯೋ ಬಸಲಿಂಗಾ" ಎಂದೇ. ಹಾಗೆ ಕೂಗಿಸಿಕೊಳ್ಳುವುದು ಕೂಡ ಬಸಲಿಂಗಯ್ಯನಿಗೆ ಮೈಯುರಿ.

ಐವತ್ತರಲ್ಲಿ, ಆಗ ನಮ್ಮನ್ನು ಆಳುತ್ತಿದ್ದ ಮುಂಬೈ ಸರಕಾರ ನಮ್ಮ ಕಡೆ ಸೆರೆ, ಅಂದರೆ ಹೆಂಡ ಸಾರಾಯಿ, ಬಂದ್ ಮಾಡಿತು. ಮುಂಡರಗಿಯಾಚೆ ಗಡಿ ದಾಟಿದರೆ ಹೈದರಾಬಾದಿನ ಸೀಮೆ, ಅಲ್ಲಿ ಸೇಂದಿ ಸೆರೆ ಎಲ್ಲ ಧಾರಾಳ. ಮಿಲಿಟರಿಯಲ್ಲಿ ರುಚಿ ಹತ್ತಿಸಿಕೊಂಡಿದ್ದ ಪಾಂಡಪ್ಪ ಮುಂಡರಗಿಯಲ್ಲಿ ಬಸ್ಸು ನಿಲ್ಲಿಸಿ, ಗಡಿ ದಾಟಿ ಹೋಗಿ ಕುಡಿದು ಬರತೊಡಗಿದ. ಐವತ್ತೊಂದರ ಒಂದು ಸಂಜೆ ಹಾಗೆ ಬಂದವನು ಡೋಣಿಯ ಹತ್ತಿರ ಬಸ್ಸನ್ನು ತಗ್ಗಿಗೆ ಇಳಿಸಿದ. ಮನುಷ್ಯರಿಗೆ ಏನೂ ಆಗಲಿಲ್ಲ, ಎರಡು ಕುರಿ ಸತ್ತವು. ಹಿಂದೆಯೇ ಬಂದ ಪೊಲೀಸ್ ಫೌಜದಾರ ಅವನನ್ನು ಕೆಳಗಿಳಿಸಿ, ಬಾಯಿ ಮೂಸಿ, ಹಗ್ಗ ಹಾಕಿ ಒಯ್ದ. ಹದಿನೈದು ದಿನ ಜೈಲು, ಆರು ತಿಂಗಳು ಲೈಸೆನ್ಸು ಬಂದ್.

ಓಣಿಯ ಜನರೆದುರು ಬಸಲಿಂಗಯ್ಯ "ಅಯ್ಯಯ್ಯೋ, ಹಿಂಗಾಗಬಾರದಿತ್ತ ಬಿಡ್ರಿ" ಎಂದು ನಾಲಿಗೆ ಲೊಚಗುಟ್ಟಿದ. ಮನೆಯೊಳಗೆ ಬಂದು ಹೆಂಡತಿ ಬನಶಂಕರೆವ್ವನಿಂದ ಮೂರು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ತಿಂದ. ನಾಲ್ಕು ವರ್ಷದಲ್ಲಿ ಅಂಥ ಹಸಿವು ಅವನಿಗೆ ಆಗಿರಲಿಲ್ಲ.

ಆ ಸುಖ ತಿಂಗಳು ಬಾಳಲಿಲ್ಲ. ಜೈಲಿನಿಂದ ಬಂದ ಪಾಂಡಪ್ಪ ಸೀದಾ ಓಣಿಯ ಬನಶಂಕರಿ ಗುಡಿಗೆ ಹೋಗಿ, ಮಲ್ಲವ್ವನ ಕೈ ಹಿಡಿದು, "ಇನ್ನ ಮ್ಯಾಲ ಮುಟ್ಟಿದರ ನನ್ನ ಕೈ ಬಿದ್ದ ಹೋಗಲಿ" ಎಂದು ಆಣೆ ಮಾಡಿದ. ಮಾಡಿದ್ದನ್ನು ನಡೆಸಿದ. ಆರು ತಿಂಗಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ದು, ಲೈಸೆನ್ಸು ಬಂದ ದಿನ ಮತ್ತೆ ಬಸ್ಸು ಹತ್ತಿದ. ಆಮೇಲೆ ಶುರುವಾಯಿತು ನೋಡಿ ಹೊಗಳಿಕೆ. ಓಣಿಯ ಹಿರಿಯ ಸಕ್ರಪ್ಪ ಕಟ್ಟೆಯ ಮೇಲೆ ಕುಳಿತು ಹುಡುಗರಿಗೆಲ್ಲ "ಮನಶ್ಯಾ ಅಂದ್ರ ಪಾಂಡಪ್ಪನಂಗ ಇರಬೇಕು" ಎನ್ನುತ್ತಿದ್ದ. ಬಸಲಿಂಗಯ್ಯನಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಎನ್ನಿಸುತ್ತಿತ್ತು. ತಾನು ಹುಟ್ಟಿದಂದಿನಿಂದ ಒಂದು ಹನಿ ಮುಟ್ಟಿದವನಲ್ಲ. ಯಾವ ಮಗನಾದರೂ ಒಂದು ದಿನ ಭೇಷ್ ಎಂದಿದ್ದನೇ? ಕುಡಿದು, ಬಸ್ಸು ಕೆಡವಿ, ಎರಡು ಕುರಿ ಕೊಂದು, ಆಮೇಲೆ ಬಿಟ್ಟವನಿಗೆ ಹಾರ. ಕುಡಿಯದವನಿಗೆ ಗಂಜಿ ಗಡಿಗೆ. ಇದ್ಯಾವ ನ್ಯಾಯ ಸ್ವಾಮಿ?

ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ನುಂಗಲಾರದ ತುತ್ತು ಬೇರೆಯೇ ಇತ್ತು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಹೆಂಗಸರು ಮಲ್ಲವ್ವನನ್ನು ಕೆಣಕುತ್ತಿದ್ದರು. "ಖರೇನ ಬಿಟ್ಟಾನೇನವಾ ನಿನ್ನ ಗಂಡಾ? ಮುಂಡರಗಿ ದಿನಾ ಹೊಕ್ಕಾನ, ಗಡಿ ಏನ್ ದೂರ ಐತೇನ?" ಎಂದು ತಿಪ್ಪವ್ವ ಕೇಳಿದಳು. ಮಲ್ಲವ್ವ ಕೊಡ ಸೊಂಟಕ್ಕೇರಿಸಿಕೊಳ್ಳುತ್ತ ಇಷ್ಟೇ ಹೇಳಿದಳು: "ಅವರು ಬಿಟ್ಟೀನಿ ಅಂದಾರವಾ. ನನಗ ಅಷ್ಟ ಸಾಕು."

ಕಟ್ಟೆಯಾಚೆ ನೂಲು ಹಿಂಡುತ್ತಿದ್ದ ಬಸಲಿಂಗಯ್ಯ ಇದನ್ನು ಕೇಳಿದ. ಅವನ ಮನೆಯಲ್ಲಿ ಬನಶಂಕರೆವ್ವ, ಗಂಡ ಗದಗಿನಿಂದ ಅರ್ಧ ತಾಸು ತಡವಾಗಿ ಬಂದರೆ ನಾಲ್ಕು ಪ್ರಶ್ನೆ ಕೇಳುವವಳು. ಚಹಾ ಕುಡಿದೆ ಎಂದರೆ ಯಾವ ಅಂಗಡಿಯಲ್ಲಿ ಎನ್ನುವಳು. ಸುಳ್ಳೇ ಆಡದ ಅವನನ್ನು ಹೆಂಡತಿ ನಂಬಳು. ಒಮ್ಮೆ ಜೈಲು ಕಂಡು ಬಂದ ಕುಡುಕನ ಒಂದು ಮಾತು ಆ ಹೆಂಗಸಿಗೆ ಸಾಕಂತೆ! ಮಲ್ಲವ್ವನ ಮೇಲೆ ಅವನಿಗೆ ಕೆಟ್ಟ ಕಣ್ಣಿರಲಿಲ್ಲ, ಅದನ್ನು ಖಂಡಿತವಾಗಿ ಹೇಳಬೇಕು. ಅವನಿಗೆ ಬೇಕಾಗಿದ್ದುದು ಆ ನಂಬಿಕೆ. ಅದು ಎದುರುಮನೆಯಲ್ಲಿ ದಿನವೂ ದೀಪ ಹಚ್ಚಿದಂತೆ ಉರಿಯುತ್ತಿತ್ತು, ಇವನು ತನ್ನ ಕುಣಿಯಲ್ಲಿ ಕುಳಿತು ನೋಡಬೇಕಾಗಿತ್ತು.

ಐವತ್ನಾಲ್ಕರ ಮಾಗಿಯಲ್ಲಿ ಬಸಲಿಂಗಯ್ಯನ ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ಬಂತು. ಓಣಿಯ ಉದ್ದಕ್ಕೂ ನೂಲು ಚಾಚಿ, ಬಿಸಿಲೇರುವ ಮುಂಚೆ ಕುಂಚದಿಂದ ಗಂಜಿ ಎಳೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇವತ್ತು ನಮ್ಮ ಹಾಸಿನ ಕೆಲಸಕ್ಕೆ ನೀವು, ನಾಳೆ ನಿಮ್ಮದಕ್ಕೆ ನಾವು, ಇದು ಓಣಿಯ ಮುಯ್ಯಿ. ಡ್ರೈವರನಾದರೂ ಪಾಂಡಪ್ಪ ಮುಯ್ಯಿ ತಪ್ಪಿಸಿದವನಲ್ಲ. ಕೋಳಿ ಕೂಗುವ ಹೊತ್ತಿಗೆ ಖಾಕಿ ಅಂಗಿಯಲ್ಲೇ ಬಂದು ಕುಂಚ ಹಿಡಿದ. ಚಳಿಯಲ್ಲಿ ಎಲ್ಲರೂ ಮುದುರಿಕೊಂಡಿದ್ದರೆ ಅವನೊಬ್ಬ ಚೇಷ್ಟೆ ಮಾಡುತ್ತ, ಹಾಡುತ್ತ, ಎಲ್ಲರನ್ನೂ ನಗಿಸುತ್ತ ಮೂರು ತಾಸು ಗಂಜಿ ಎಳೆದ. ಬನಶಂಕರೆವ್ವ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು. ತನ್ನ ಹೆಂಡತಿ ಹಾಗೆ ನಕ್ಕದ್ದನ್ನು ಬಸಲಿಂಗಯ್ಯ ಯಾವಾಗ ಕಂಡಿದ್ದನೋ ಅವನಿಗೇ ನೆನಪಾಗಲಿಲ್ಲ.

ಗಂಜಿ ಹಚ್ಚಲು ಬಂದವರನ್ನು ಹುಳಿ ಅಂಬಲಿ ಕುಡಿಸದೆ ಕಳಿಸುವಂತಿಲ್ಲ. ಕಳಿಸಿದರೆ ಹಾಸು ಹರಿಯುತ್ತದೆ ಎಂದು ನಂಬಿಕೆ. ಮೂರು ದಿನ ಹುಳಿ ಬರಿಸಿದ ಅಂಬಲಿಯನ್ನು ಬಸಲಿಂಗಯ್ಯನೇ ತನ್ನ ಕೈಯಿಂದ ಎಲ್ಲರಿಗೂ ಕೊಟ್ಟ. ಪಾಂಡಪ್ಪ ನಿಂತುಕೊಂಡೇ ಎರಡು ಬಟ್ಟಲು ಕುಡಿದು, "ಜಲ್ದಿ ಬಾರೋ, ನೀನೂ ಮುಂಡರಗಿ ಸಂತಿಗೆ ಬರಾಂವ ಅಲ್ಲೇನ? ಮುಂದಿನ ಸೀಟ ಇಟ್ಟಿರ್ತೀನಿ" ಎಂದು ಓಡಿದ. ಮೈ ತೊಳೆಯಲೂ ಹೊತ್ತಿರಲಿಲ್ಲ. ಅಂಗಿಯ ಮೇಲೆಲ್ಲ ಗಂಜಿ ಸಿಡಿದಿತ್ತು.

ಹೆಂಡತಿಗೆ ಹಾಸು ಒಣಗಿಸಲು ಹೇಳಿ, ಬಸಲಿಂಗಯ್ಯ ನಾಲ್ಕು ಸೀರೆಯ ಗಂಟು ಕಟ್ಟಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕುಳಿತ. ಸಂತೆಯ ದಿನ, ಬಸ್ಸಿನ ಮೇಲೂ ಒಳಗೂ ಜನ. ದಾರಿಯುದ್ದಕ್ಕೂ ಹತ್ತುವವರು ಇಳಿಯುವವರು ಎಲ್ಲರೂ ಪಾಂಡಪ್ಪಣ್ಣಾ ಪಾಂಡಪ್ಪಣ್ಣಾ ಎನ್ನುವವರೇ. ಒಬ್ಬ ಮುದುಕಿಯಂತೂ ಸೆರಗಿನ ಗಂಟಿನಿಂದ ಕಡಲೆ ತೆಗೆದು ಅವನ ಬಾಯಿಗೇ ಇಟ್ಟಳು. ಬಸಲಿಂಗಯ್ಯನನ್ನು ಕಂಡು "ನೀವ್ಯಾರ್ರಿ?" ಎಂದು ಕೇಳಿದಳು. ಪಾಂಡಪ್ಪ "ನನ್ನ ಗೆಳ್ಯಾ ಅದಾನಬೇ" ಎಂದ. ಅಷ್ಟೇ ಇವನ ಹೆಸರು, ಅಷ್ಟೇ ಇವನ ಕುಲಗೋತ್ರ. ಪಾಂಡಪ್ಪನ ಗೆಳೆಯ!

ಡೋಣಿಯ ನಾಕಾದಲ್ಲಿ ಫೌಜದಾರ ಕೈ ಅಡ್ಡ ಮಾಡಿದ. ಬಸ್ಸಿನ ತಲೆಯ ಮೇಲೆ ಜನ ಕೂತಿದ್ದಾರೆ, ಅದಕ್ಕೆ ನಿಲ್ಲಿಸಿದ್ದು. ಪಾಂಡಪ್ಪ ಕೆಳಗಿಳಿದು ಕೈ ಮುಗಿದ. ಫೌಜದಾರ ಎರಡು ಹೆಜ್ಜೆ ಹತ್ತಿರ ಬಂದವನು ಮೂಗು ಏರಿಸಿದ. ಮುಖ ದಿಟ್ಟಿಸಿ ನೋಡಿದ. ಐವತ್ತೊಂದರಲ್ಲಿ ಹಗ್ಗ ಹಾಕಿದವನು ಅವನೇ.

"ಓಹೋ! ಪಾಂಡಪ್ಪ ಅಲ್ಲೇನ ನೀ? ರಾತ್ರಿ ಮತ್ತ ಗಡಿ ದಾಟಿ ಬಂದಿದ್ದಿ ಕಾಣಸ್ತೈತಿ."

"ಇಲ್ಲರಿ ಸಾಹೇಬ್ರ, ಬಿಟ್ಟ ಮೂರ್ ವರ್ಷ ಆತ್ರಿ. ಇದು ಗಂಜಿ ವಾಸನಿರಿ, ಮುಂಜಾನೆ ಹಾಸ ಎಳದೀನಿ, ಅಂಬ್ಲಿ ಕುಡದೀನಿ."

"ಎಲ್ಲಾ ಕುಡುಕರೂ ಅಂಬ್ಲೀನ ಕುಡದಿರ್ತಾರ. ಕಣ್ಣ ನೋಡು, ಹೆಂಗ ಕೆಂಪಾಗ್ಯಾವು."

ನಸುಕಿನಲ್ಲಿ ಎದ್ದ ಕಣ್ಣು ಕೆಂಪಾಗದೆ ಏನಾದೀತು? ಮುಂಡರಗಿಯ ಡಾಕ್ಟರು ಆ ವಾರ ಊರಲ್ಲಿರಲಿಲ್ಲ. ಹಾಗಾಗಿ ಕಾಯದೆಯ ಪ್ರಕಾರ ಇಬ್ಬರು ಪಂಚರು ಆರೋಪಿಯ ಬಾಯಿ ಮೂಸಿ ನೋಡಬೇಕು, ಕಂಡದ್ದನ್ನು ಪಂಚನಾಮೆಯಲ್ಲಿ ಬರೆಸಿ ಸಹಿ ಹಾಕಬೇಕು. ಒಬ್ಬ ಪಂಚ ಡೋಣಿಯ ನೀಲಪ್ಪ ಎಂಬ ಮುದುಕ, ನೆಗಡಿಯಿಂದ ಮೂಗು ಕಟ್ಟಿಕೊಂಡು ಒದ್ದಾಡುತ್ತಿದ್ದವನು. ಇನ್ನೊಬ್ಬರು ಯಾರು ಎಂದು ಫೌಜದಾರ ಸುತ್ತ ನೋಡಿದಾಗ ಪಾಂಡಪ್ಪನೇ ಖುಷಿಯಿಂದ ಕೈ ಮಾಡಿ ತೋರಿಸಿದ.

"ನಮ್ಮ ಬಸಲಿಂಗನ್ನ ಕರೀರಿ ಸಾಹೇಬ್ರ! ಹಾಸು ಅವಂದಽ, ಅಂಬ್ಲೀನೂ ಅವನಽ ಕೊಟ್ಟಾನ. ಬೆಟಗೇರ್ಯಾಗ ಗಂಜಿ ಹದಾ ನೋಡಾಂವ ಅವನಽ. ಅವ ಹೇಳಲಿ, ಮುಗೀತು."

ನಲವತ್ತು ಜನ ಇಳಿದು ಸುತ್ತ ನಿಂತಿದ್ದರು. ಫೌಜದಾರ ಬಸಲಿಂಗಯ್ಯನಿಗೆ ನಾಕಾದ ಒಂದೇ ಒಂದು ಕುರ್ಚಿಯನ್ನು ತೋರಿಸಿ, "ಕುಂಡ್ರಿ ಯಜಮಾನ್ರ. ಎಲ್ಲಾ ನಿಮ್ಮ ಮಾತಿನ ಮ್ಯಾಲ ಐತಿ. ನೋಡಿ ಹೇಳ್ರಿ" ಎಂದ. ಇಂಥ ಮಾತನ್ನು ಬಸಲಿಂಗಯ್ಯನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಎದ್ದು ಪಾಂಡಪ್ಪನ ಬಾಯಿಯ ಹತ್ತಿರ ಮೂಗು ತಂದ. ಬಂದದ್ದು ತನ್ನ ಮನೆಯ ಅಂಬಲಿಯ ವಾಸನೆ. ಮೂರು ದಿನದ ಹುಳಿ, ಸ್ವಲ್ಪ ಜೀರಿಗೆ, ಮುದುಕಿ ಕೊಟ್ಟ ಕಡಲೆ. ಅಂಗಿಯಿಂದ ತನ್ನದೇ ಗಡಿಗೆಯ ಗಂಜಿ. ಸೆರೆಯ ವಾಸನೆಯ ಒಂದು ಎಳೆಯೂ ಇರಲಿಲ್ಲ.

ಪಾಂಡಪ್ಪ ನಗುತ್ತಿದ್ದ. ಬಸಲಿಂಗನ ಬಾಯಿಂದ ಬೇರೆ ಮಾತು ಬರಬಹುದು ಎಂಬ ಅಂಜಿಕೆ ಒಂದಿಷ್ಟಾದರೂ ಆ ಮುಖದಲ್ಲಿದ್ದರೆ ಇವನು ಖರೆ ಹೇಳುತ್ತಿದ್ದನೋ ಏನೋ. ಅದಿರಲಿಲ್ಲ. ಊರೆಲ್ಲ ತನ್ನದು, ಬಸ್ಸು ತನ್ನದು, ಹೆಂಡತಿಯ ನಂಬಿಕೆ ತನ್ನದು, ಈ ಬಸಲಿಂಗನ ಮೂಗೂ ತನ್ನದೇ ಎಂಬಂತೆ ನಿಂತಿದ್ದ. ಬಸಲಿಂಗಯ್ಯ ಫೌಜದಾರನ ಕಡೆ ತಿರುಗಿದ.

"ಸೆರೀ ವಾಸನಿ ಬರ್ತೈತ್ರಿ" ಎಂದ.

ನೀಲಪ್ಪ "ಅವರಿಗೆ ಬಂದ್ರ ಬಂದಂಗಽ ಬಿಡ್ರಿ" ಎಂದು ಹೆಬ್ಬೆಟ್ಟು ಒತ್ತಿದ. ಬಸಲಿಂಗಯ್ಯ ಮೋಡಿ ಅಕ್ಷರದಲ್ಲಿ ಚೆಂದಾಗಿ ಸಹಿ ಹಾಕಿದ. ಪಾಂಡಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಕೈಗೆ ಹಗ್ಗ ಬಿದ್ದಾಗ "ಏ ಬಸಲಿಂಗಾ, ಚ್ಯಾಷ್ಟಿ ಸಾಕೋ, ಇವರಿಗೆ ಖರೇ ಹೇಳೋ" ಎಂದ. ಬಸಲಿಂಗಯ್ಯ ಸೀರೆಯ ಗಂಟು ಎತ್ತಿಕೊಂಡು ಉಳಿದ ದಾರಿಯನ್ನು ನಡೆದೇ ಹೋದ. ಸುಳ್ಳು ಯಾಕೆ ಹೇಳಬೇಕು, ಮೊದಲ ಒಂದು ಹರದಾರಿ ಅವನಿಗೆ ಹಬ್ಬದಷ್ಟು ಖುಷಿಯಾಗಿತ್ತು.

ಖಬರು ಬೆಟಗೇರಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಜಾಮೀನಿನ ಮೇಲೆ ಬಂದ ಪಾಂಡಪ್ಪ ಹೆಂಡತಿಯೆದುರು ಬನಶಂಕರಿಯ ಆಣೆ ಮಾಡಿ ಕುಡಿದಿಲ್ಲ ಎಂದ. ಬೇರೆ ಯಾರು ಪಂಚರಾಗಿದ್ದರೂ ಮಲ್ಲವ್ವ ನಂಬುತ್ತಿದ್ದಳು. ಫೌಜದಾರನಿಗೆ ಗಂಜಿ ಗೊತ್ತಿಲ್ಲ, ನೀಲಪ್ಪನಿಗೆ ನೆಗಡಿ. ಆದರೆ ಬಸಲಿಂಗಯ್ಯ! ಹುಟ್ಟು ನೇಕಾರ, ಓಣಿಯ ಗಡಿಗೆಗಳನ್ನೆಲ್ಲ ಮೂಸಿದವನು, ಮೇಲಾಗಿ ಗಂಡನ ಜೀವದ ಗೆಳೆಯ. ಅವನೇ ಸೆರೆ ಎಂದ ಮೇಲೆ? ಅಂಬಲಿ ಕುಡಿದದ್ದು ಖರೆ, ಅದರ ಮೇಲೆ ಗದಗಿನ ಸ್ಟ್ಯಾಂಡಿನಲ್ಲಿ ಇನ್ನೊಂದನ್ನು ಕುಡಿದಿರಬಹುದಲ್ಲ? ಮಲ್ಲವ್ವ ಗಂಡನಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕೋರ್ಟಿನ್ಯಾಗ ಬಸಲಿಂಗಣ್ಣ ಏನ್ ಹೇಳ್ತಾರ ನೋಡೂಣು" ಎಂದಳು.

ಈ ಕಡೆ ಬನಶಂಕರೆವ್ವ ಗಂಡನನ್ನು ಹಿಡಿದು ನಿಲ್ಲಿಸಿದಳು. "ನಮ್ಮ ಅಂಬ್ಲಿ ಕುಡದ ಹೋದಾಂವರೀ ಅವ. ನಿಮಗ ಮೂಗ ಸತ್ತಿತ್ತೇನ? ಯಾಕ ಹಂಗ ಹೇಳಿದ್ರಿ?"

"ಫೌಜದಾರ ಕಣ್ಣ ಬಿಟ್ಟನಽ. ಅಂಜಿಕಿ ಬಂತು."

ಒಂದು ಬಟ್ಟಲು ಚಹಾದ ಲೆಕ್ಕವನ್ನೂ ನಂಬದ ಹೆಂಗಸು ಈ ಸುಳ್ಳನ್ನು ನಂಬಿಬಿಟ್ಟಳು. "ಆತು, ಆದದ್ದಾತು. ಕೋರ್ಟಿನ್ಯಾಗ ಖರೇ ಹೇಳ್ರಿ. ಇಲ್ಲಂದ್ರ ನಾನಽ ಹೋಗಿ ಹೇಳ್ತೀನಿ" ಎಂದಳು. ಬಸಲಿಂಗಯ್ಯನಿಗೂ ಅಷ್ಟು ಹೊತ್ತಿಗೆ ಖುಷಿ ಇಳಿದು, ಬೆವರು ಬರತೊಡಗಿತ್ತು. ಎರಡನೇ ಸಲದ ಗುನ್ಹೆ, ಲೈಸೆನ್ಸು ಕಾಯಮ್ಮಾಗಿ ಹೋಗುತ್ತದೆ, ಮನೆ ಮುಳುಗುತ್ತದೆ ಎಂದು ಸಕ್ರಪ್ಪ ಕಟ್ಟೆಯ ಮೇಲೆ ಹೇಳುತ್ತಿದ್ದ. ಅಷ್ಟಾಗಲಿ ಎಂದು ಇವನು ಬಯಸಿರಲಿಲ್ಲ. ಸ್ವಲ್ಪ ಬಾಗಲಿ ಎಂದಿದ್ದ, ಮುರಿಯಲಿ ಎಂದಿರಲಿಲ್ಲ.

ಗದಗಿನ ಕೋರ್ಟಿನಲ್ಲಿ ಅರ್ಧ ಓಣಿ ಬಂದು ಕೂತಿತ್ತು. ಬಸಲಿಂಗಯ್ಯ ಕಟಕಟೆ ಹತ್ತಿ, ದೇವರ ಆಣೆ ಮಾಡಿ, ಒಂದೇ ಉಸಿರಿಗೆ ಹೇಳಿದ: "ಅವ ಕುಡದಿದ್ದಿಲ್ಲರಿ. ಅದು ನಮ್ಮ ಮನಿ ಅಂಬ್ಲಿ, ನಮ್ಮ ಹಾಸಿನ ಗಂಜಿ." ಪಾಂಡಪ್ಪ ತಲೆ ಎತ್ತಿ ಅವನನ್ನು ನೋಡಿದ. ಮಲ್ಲವ್ವನೂ ನೋಡಿದಳು.

ಸರಕಾರಿ ವಕೀಲರು ಅವಸರ ಮಾಡದೆ ಎದ್ದರು.

"ನಿಮ್ಮ ಕಸಬು ನೇಕಾರಿಕೆ. ಬೆಟಗೇರಿಯಲ್ಲಿ ಗಂಜಿಯ ಹದ ನೋಡಲಿಕ್ಕೆ ನಿಮ್ಮನ್ನೇ ಕರೆಯುತ್ತಾರಂತೆ, ಖರೆಯೇ?"

"ಖರೇರಿ" ಎಂದ ಬಸಲಿಂಗಯ್ಯ. ಆ ಹೊತ್ತಿನಲ್ಲೂ ಎದೆ ಸ್ವಲ್ಪ ಉಬ್ಬಿತು.

"ಹಾಗಾದರೆ ಗಂಜಿ ಯಾವುದು, ಸೆರೆ ಯಾವುದು ಎಂದು ನಿಮ್ಮ ಮೂಗು ತಪ್ಪಲಿಕ್ಕಿಲ್ಲ."

"ತಪ್ಪೂದಿಲ್ರಿ."

"ಮತ್ತೆ ಆ ದಿನ ಸೆರೆ ಎಂದು ಯಾಕೆ ಬರೆಸಿದಿರಿ?"

ಉತ್ತರ ಒಂದೇ ಮಾತಿನದು. ಅದು ಬಸಲಿಂಗಯ್ಯನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೊಟ್ಟೆಕಿಚ್ಚಿಗೆ ಎಂದುಬಿಟ್ಟಿದ್ದರೆ ಕೋರ್ಟು ನಂಬುತ್ತಿತ್ತು, ಓಣಿ ಉಗುಳುತ್ತಿತ್ತು, ಪಾಂಡಪ್ಪ ಮನೆಗೆ ಹೋಗುತ್ತಿದ್ದ. ಮುಂದಿನ ಸಾಲಿನಲ್ಲಿ ಸಕ್ರಪ್ಪ ಕೂತಿದ್ದ, ಬನಶಂಕರೆವ್ವ ಕೂತಿದ್ದಳು. ಬಸಲಿಂಗಯ್ಯ ಅವರ ಮುಖ ನೋಡಿದ.

"ಅಂಜಿಕಿ ಆತ್ರಿ" ಎಂದ.

"ಯಾರು ಅಂಜಿಸಿದರು?"

"ಫೌಜದಾರ ಸಾಹೇಬ್ರು."

"ಕುರ್ಚಿ ಕೊಟ್ಟು, ಯಜಮಾನರೇ ಎಂದು ಕರೆದು ಅಂಜಿಸಿದರೇನು? ನಲವತ್ತು ಜನ ನೋಡಿದ್ದಾರೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಗೆಳೆಯನನ್ನು ಉಳಿಸಲು ಸಾಕ್ಷಿ ತಿರುಗಿ ಬಿದ್ದಿದ್ದಾನೆ, ಸಹಿ ಮಾಡಿದ ಪಂಚನಾಮೆಯೇ ನಂಬಲರ್ಹ ಎಂದು ಬರೆದರು. ಆರು ತಿಂಗಳು ಸಜೆ, ಲೈಸೆನ್ಸು ಕಾಯಮ್ಮಾಗಿ ರದ್ದು. ಪಾಂಡಪ್ಪ ಪೊಲೀಸರ ನಡುವೆ ನಡೆದು ಹೋದ.

ಹೊರಗೆ ಬಂದ ಬಸಲಿಂಗಯ್ಯನ ಬೆನ್ನಿನ ಮೇಲೆ ಸಕ್ರಪ್ಪನ ಕೈ ಬಿತ್ತು. ಕೆನ್ನೆಗೆ ಬೀಳುತ್ತದೆ ಎಂದು ಇವನು ಕಣ್ಣು ಮುಚ್ಚಿಕೊಂಡಿದ್ದ. "ಭೇಷ್ ಬಸಲಿಂಗಾ! ಅಂದು ದೇವರಿಗೆ ಅಂಜಿ ಖರೇ ಹೇಳಿದಿ, ಇಂದು ಗೆಳ್ಯಾನ ಸಲುವಾಗಿ ಸರಕಾರದ ಮುಂದ ಸುಳ್ಳ ಹೇಳಿದಿ. ಹಿಂಗಿರಬೇಕು ಗಂಡಸು!" ಅರ್ಧ ಓಣಿ ಹೌದೌದು ಎಂದಿತು. ಮಲ್ಲವ್ವ ಜನರನ್ನು ಸರಿಸಿಕೊಂಡು ಬಂದು ಅವನ ಕಾಲು ಮುಟ್ಟಿದಳು. "ಅವರು ಆಣಿ ಮುರದ್ರು. ನೀವರ ಅವರ ಮಾನಾ ಉಳಸಾಕ ನೋಡಿದ್ರಿ, ಅಣ್ಣಾ" ಎಂದು ಅತ್ತಳು.

ಅವನು ಕಾಲು ಹಿಂದಕ್ಕೆ ಎಳೆದುಕೊಂಡ. "ಡೋಣ್ಯಾಗ ಅಂಜಿ ಸುಳ್ಳ ಹೇಳ್ಯಾರ, ಇಂದ ಹೇಳಿದ್ದು ಖರೇ" ಎಂದು ಬನಶಂಕರೆವ್ವ ಹೇಳಿದರೆ, ಗಂಡನಂತೆ ಇವಳೂ ಪಾಂಡಪ್ಪನನ್ನು ಉಳಿಸಲು ನೋಡುತ್ತಾಳೆ ಎಂದು ಜನ ನಂಬಲಿಲ್ಲ.

ಆ ಆರು ತಿಂಗಳು ಬಸಲಿಂಗಯ್ಯನಿಗೆ ಬಂದ ಮರ್ಯಾದೆಯನ್ನು ಏನೆಂದು ಹೇಳಲಿ. ಮದುವೆಗಳಲ್ಲಿ ಮುಂದಿನ ಸಾಲು, ಪಂಚಾಯಿತಿಯಲ್ಲಿ ಸಕ್ರಪ್ಪನ ಪಕ್ಕದ ಜಾಗ. ಮೊದಲ ವಾರ ಅವನು ಅದನ್ನು ಸವಿದ. ಆಮೇಲೆ ನಿದ್ದೆ ಹೋಯಿತು. ಹಾಸಿಗೆಯಲ್ಲಿ ಹೊರಳುತ್ತ, ಪಾಂಡಪ್ಪ ಧಾರವಾಡದ ಜೈಲಿನಲ್ಲಿ ಗೊರಕೆ ಹೊಡೆಯುತ್ತಿದ್ದಾನೆ, ತಪ್ಪು ಮಾಡದವನಿಗೆ ನಿದ್ದೆ ಬರದೆ ಏನು ಎಂದುಕೊಂಡು, ಆ ನಿದ್ದೆಗೂ ಕರುಬಿದ. ನೋಡಿ ಮನುಷ್ಯನ ಹಣೆಬರಹ!

ಪಾಂಡಪ್ಪ ಬಿಡುಗಡೆಯಾಗಿ ಬಂದು ಕಟ್ಟೆಯ ಮೇಲೆ ಒಂದೇ ಸಲ ಬಾಯಿ ತೆಗೆದ. "ನಾ ಕುಡದಿದ್ದಿಲ್ಲ. ಬಸಲಿಂಗ ಡೋಣ್ಯಾಗ ಸುಳ್ಳ ಹೇಳಿದ." ಓಣಿ ಅವನ ಮೇಲೆ ಹರಿಹಾಯ್ದಿತು. ನಿನ್ನ ಸಲುವಾಗಿ ಕೋರ್ಟಿನಲ್ಲಿ ಮಾನ ಕಳೆದುಕೊಂಡವನ ಮೇಲೆ ಗೂಬೆ ಕೂರಿಸುತ್ತೀಯಲ್ಲ, ನಾಚಿಕೆ ಬೇಡವೇ ಎಂದರು. ಪಾಂಡಪ್ಪ ಎದ್ದು ಹೋದ. ಅಲ್ಲಿಂದ ಮುಂದೆ ಓಣಿಯಲ್ಲಿ ಅವನ ಹಾಡು ಕೇಳಲಿಲ್ಲ, "ಎಲ್ಲದಿಯೋ ಬಸಲಿಂಗಾ" ಎಂಬ ಕೂಗೂ ಕೇಳಲಿಲ್ಲ. ಮಗ್ಗದ ಕುಣಿಗೆ ಇಳಿದವನು ಮೇಲೆ ಬರುವುದೇ ಕಡಿಮೆಯಾಯಿತು.

ಐವತ್ತಾರರ ನವೆಂಬರಿನಲ್ಲಿ ಕರ್ನಾಟಕ ಒಂದಾಯಿತು. ಮುಂಬೈಯವರೂ ಹೈದರಾಬಾದಿನವರೂ ಮೈಸೂರಿನವರೂ ಒಂದೇ ಮನೆಯವರಾದರು ಎಂದು ಓಣಿಯಲ್ಲಿ ತೋರಣ ಕಟ್ಟಿದರು. ಕಾಯಿ ಒಡೆಯಲು ಜನ ಕರೆದದ್ದು ಬಸಲಿಂಗಯ್ಯನನ್ನು. ಇವನು ಕಾಯಿ ಒಡೆದ, ಪೇಟ ಸುತ್ತಿಸಿಕೊಂಡ. ಯಾವನೋ "ಬಸಲಿಂಗಯ್ಯಗ ಜೈ" ಎಂದ, ಎಲ್ಲರೂ ಜೈ ಎಂದರು. ಒಂಬತ್ತು ವರ್ಷ ಕಾದ ಮಾತು ಕಿವಿಗೆ ಬಿತ್ತು. ಅದು ಕದ್ದ ಮಾಲು ಎಂದು ಅವನೊಬ್ಬನಿಗೆ ಗೊತ್ತಿತ್ತು.

ಪೇಟ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಎದುರುಮನೆಗೆ ನಡೆದ. ಪಾಂಡಪ್ಪ ಕುಣಿಯಲ್ಲಿ ನೇಯುತ್ತಿದ್ದ. ಮಲ್ಲವ್ವ ಬಾಗಿಲ ಹತ್ತಿರ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬಸಲಿಂಗಯ್ಯ ಹೊಸ್ತಿಲಲ್ಲೇ ನಿಂತು ಹೇಳಿದ.

"ಮಲ್ಲವ್ವಾ, ಅಂದು ನಿನ್ನ ಗಂಡ ಕುಡದಿದ್ದಿಲ್ಲವಾ. ಬಾಯಾಗ ನಮ್ಮ ಅಂಬ್ಲಿ ವಾಸನಿ ಬಿಟ್ಟರ ಏನೂ ಇದ್ದಿಲ್ಲ. ನಾ ಹೊಟ್ಟಿಕಿಚ್ಚಿಗೆ ಸುಳ್ಳ ಹೇಳಿದೆ. ಅಂಜಿಕಿ ಅಲ್ಲ, ಏನಲ್ಲ. ಹೊಟ್ಟಿಕಿಚ್ಚು! ನೀ ಅವನ್ನ ನಂಬತಿದ್ದೆಲ್ಲಾ, ಅದನ್ನ ನೋಡಾಕ ನನ್ನ ಕೈಲೆ ಆಗಲಿಲ್ಲ."

ಮಲ್ಲವ್ವ ಕಂಡಿಕೆ ಕೆಳಗಿಟ್ಟಳು. ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು, ಆದರೆ ಅದು ಅವನು ಬೇಡಿಕೊಂಡು ಬಂದ ನೀರಾಗಿರಲಿಲ್ಲ.

"ಸಾಕ ಮಾಡ್ರಿ ಅಣ್ಣಾ" ಎಂದಳು. "ಒಮ್ಮೆ ಕೋರ್ಟಿನ್ಯಾಗ ಇವರ ಸಲುವಾಗಿ ಹೇಳಿದ್ರಿ. ಇಂಥಾ ಹಬ್ಬದ ದಿನಾ ನಿಮ್ಮ ಮೈಮ್ಯಾಲ ಕೆಸರ ಹಾಕ್ಕೊಂಡು ಮತ್ತ ಹೇಳಬ್ಯಾಡ್ರಿ. ಕುಡದಿದ್ದು ಕುಡದಽ ಬಿಟ್ಟಾರ, ನಾ ಅದನ್ನ ನುಂಗಿ ಸಂಸಾರ ಮಾಡೀನಿ."

"ಇಲ್ಲವಾ, ನಾ ಹೇಳೂದು ಖರೇ!"

"ನಿಮ್ಮಂಥಾವರು ಹೊಟ್ಟಿಕಿಚ್ಚ ಪಡತಾರಂದ್ರ ಯಾರ್ ನಂಬ್ಯಾರ್ರಿ?"

ಬಸಲಿಂಗಯ್ಯ ಕುಣಿಯ ಕಡೆ ತಿರುಗಿ "ಪಾಂಡ್ಯಾ, ನೀನರ ಹೇಳೋ" ಎಂದ. ಪಾಂಡಪ್ಪ ತಲೆ ಎತ್ತಲಿಲ್ಲ. "ನಾ ಹೇಳಿ ಎರಡ ವರ್ಷ ಆತು" ಎಂದು ಹರಿದ ಎಳೆಯೊಂದನ್ನು ಗಂಟು ಹಾಕಿ, ಮತ್ತೆ ಲಾಳಿ ಎಸೆದ. ಮಲ್ಲವ್ವ ಅತ್ತ ನೋಡದೆ ಕಂಡಿಕೆ ಸುತ್ತತೊಡಗಿದಳು. ಗಂಡಹೆಂಡತಿಯ ನಡುವೆ ಮೂರು ಮೊಳ ಜಾಗವಿತ್ತು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಬಸಲಿಂಗಯ್ಯ ಹೊಸ್ತಿಲಲ್ಲಿ ನಿಂತು ಮನೆಯೆಲ್ಲ ಕಣ್ಣಾಡಿಸಿದ. ಅಲ್ಲಿ ಅವನು ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಉಳಿದಿರಲಿಲ್ಲ.